‘ಮೈ ಒಗ್ಗಿಕೊಳ್ಳುತ್ತದೆ’ ಎನ್ನುವವರಿಗೆ ಏನು ಹೇಳಲಿ, ಡಾಕ್ಟರೇ?

ಪ್ರಶ್ನೆ: ನಮ್ಮದು ಕೊಪ್ಪಳ ತಾಲ್ಲೂಕಿನ ಗಿಣಿಗೇರಿ ಭಾಗದ ಒಂದು ಹಳ್ಳಿ. ಮನೆಯಿಂದ ಪೂರ್ವಕ್ಕೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಉಕ್ಕಿಗೆ ಬೇಕಾದ ಕಬ್ಬಿಣ ತಯಾರಿಸುವ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಬೆಳಿಗ್ಗೆ ಎದ್ದರೆ ಮಾಳಿಗೆ, ಒಣಹಾಕಿದ ಬಟ್ಟೆ, ಜೋಳದ ಗರಿ, ಕೊಡದ ಮುಚ್ಚಳ ಎಲ್ಲದರ ಮೇಲೂ ಕರಿ ಬೂದಿ. ಏಳು ವರ್ಷದ ಮಗನಿಗೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸದ್ದು. ವೈದ್ಯರು ಔಷಧವನ್ನು ಉಸಿರಿನೊಂದಿಗೆ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಬರೆದುಕೊಟ್ಟಿದ್ದಾರೆ. ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡದು ಎಂದು ಅತ್ತೆ ಬೇಡವೆನ್ನುತ್ತಾರೆ, ಅದರ ಬದಲು ದಿನವೂ ಬೆಲ್ಲ ಕೊಡುತ್ತಾರೆ. ಮಾವನವರಿಗೆ 62 ವರ್ಷ. ಹದಿನೈದು ವರ್ಷ ಜಲ್ಲಿ ಕ್ರಷರ್‌ನಲ್ಲಿ, ಆಮೇಲೆ ಅದಿರು ತುಂಬುವ ಕೆಲಸದಲ್ಲಿ ಇದ್ದರು, ಬೀಡಿ ಸೇದುತ್ತಾರೆ. ಕಫ ಪರೀಕ್ಷೆ ಮಾಡದೆ, ಎಕ್ಸ್‌ರೇ ನೋಡಿಯೇ ಎರಡು ಸಲ ಕ್ಷಯದ ಮಾತ್ರೆ ಕೊಟ್ಟರು, ಉಸಿರಾಟ ಸುಧಾರಿಸಲಿಲ್ಲ. ಈಗ ಮೂರನೆಯ ಸಲ ಶುರು ಮಾಡೋಣ ಎನ್ನುತ್ತಿದ್ದಾರೆ. ಊರಿನ ಸಭೆಯಲ್ಲಿ ಕಾರ್ಖಾನೆಯ ಕಡೆಯವರೊಬ್ಬರು ಮೊಬೈಲ್ ತೋರಿಸಿ, ‘ಇಲ್ಲಿನ ಗಾಳಿ ಹಸಿರು ಬಣ್ಣದಲ್ಲಿದೆ, ನಿಮ್ಮ ಒಲೆ, ನಿಮ್ಮ ಬೀಡಿಯಿಂದಲೇ ನಿಮಗೆ ಕಾಯಿಲೆ’ ಎಂದರು. ಹಿರಿಯರು ‘ಇಪ್ಪತ್ತು ವರ್ಷದಿಂದ ಇದ್ದೇವೆ, ಮೈ ಒಗ್ಗಿಕೊಳ್ಳುತ್ತದೆ’ ಎನ್ನುತ್ತಾರೆ. ಯಜಮಾನರು ನಾಲ್ಕು ಎಕರೆ ಮಾರಿ ಹುಬ್ಬಳ್ಳಿಗೆ ಹೋಗೋಣ ಎನ್ನುತ್ತಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಹಲವು ಪ್ರಶ್ನೆ, ಎಲ್ಲದರ ಅಡಿಯಲ್ಲಿರುವುದು ಒಂದೇ ಅಳಲು: ಇಲ್ಲಿಯೇ ಉಳಿದರೆ ಮಗನಿಗೆ ನಮ್ಮ ಕೈಯಾರೆ ಕೆಡುಕು ಮಾಡಿದಂತಾಗುತ್ತದೆಯೇ? ಮೊದಲೇ ಹೇಳಿಬಿಡುತ್ತೇನೆ, ನೀವು ಯಾವ ತಪ್ಪನ್ನೂ ಮಾಡಿಲ್ಲ. ನಿಮ್ಮ ಮಗನಿಗಿರುವುದು ಬಹುಮಟ್ಟಿಗೆ ಅಸ್ತಮಾ, ಅದನ್ನು ಹತೋಟಿಗೆ ತರಬಹುದು. ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮ ಮಾವನವರ ವಿಷಯ ಓದಿದಾಗ.

‘ಒಗ್ಗಿಕೊಳ್ಳುತ್ತದೆ’ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಈ ಒಂದು ಮಾತಿನಿಂದ ಎಷ್ಟೋ ಜನ ನನ್ನ ಬಳಿಗೆ ಹತ್ತು ವರ್ಷ ತಡವಾಗಿ ಬರುತ್ತಾರೆ. ಒಗ್ಗಿಕೊಳ್ಳುವುದು ಮೂಗು. ಗಂಧಕದ ವಾಸನೆಯಿರುವ ಜಾಗದಲ್ಲಿ ಸ್ವಲ್ಪ ಹೊತ್ತು ಕುಳಿತರೆ ವಾಸನೆ ತಿಳಿಯದಂತಾಗುತ್ತದೆ, ವಾಸನೆ ಮಾತ್ರ ಅಲ್ಲೇ ಇರುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಧೂಳನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಹೊಗೆ, ಧೂಳು ವರ್ಷಗಟ್ಟಲೆ ಬಡಿದರೆ ಅವು ಸವೆದುಹೋಗುತ್ತವೆ, ಕೆಮ್ಮಿನ ಎಚ್ಚರಿಕೆಯೂ ಮಂದವಾಗುತ್ತದೆ. ಇದನ್ನೇ ನಾವು ರೂಢಿ ಎಂದು ತಿಳಿಯುತ್ತೇವೆ. ಶ್ವಾಸಕೋಶಕ್ಕೆ ದೊಡ್ಡ ಮೀಸಲು ಶಕ್ತಿಯಿದೆ, ಅರ್ಧದಷ್ಟು ಕಳೆದುಹೋದರೂ ಕುಳಿತವನಿಗೆ ಗೊತ್ತಾಗುವುದಿಲ್ಲ. ಜನ ತಮಗೆ ಅರಿವಿಲ್ಲದೆಯೇ ಬದುಕನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ‘ಮೊದಲೆಲ್ಲ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಹನುಮಪ್ಪನನ್ನು ನೋಡಿ ಬರುತ್ತಿದ್ದೆ, ಈಗ ಕೆಳಗಿನಿಂದಲೇ ಕೈ ಮುಗಿಯುತ್ತೇನೆ, ವಯಸ್ಸಾಯಿತಲ್ಲ’ ಎಂದು ಒಬ್ಬರು ನನಗೆ ಹೇಳಿದ್ದರು. ಅವರಿಗೆ ಆಗ ನಲವತ್ತೆಂಟು ವರ್ಷ. ಊದಿಸಿ ಪರೀಕ್ಷೆ ಮಾಡಿದಾಗ ವಯಸ್ಸಿಗೆ ಇರಬೇಕಾದ ಉಸಿರಿನ ಅರ್ಧವೂ ಇರಲಿಲ್ಲ.

ಇನ್ನು ಕರಿ ಬೂದಿ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಭಯವೆಲ್ಲ ಅದರ ಮೇಲೆಯೇ. ಅದು ಬೆಳೆಗೆ, ಮೇವಿಗೆ, ನೀರಿಗೆ ಕೆಟ್ಟದ್ದು ನಿಜ. ಆದರೆ ಬೆರಳಿಗೆ ಅಂಟುವಷ್ಟು ದಪ್ಪದ ಕಣವನ್ನು ಮೂಗು, ಗಂಟಲು ಬಹುಪಾಲು ತಡೆದುಬಿಡುತ್ತವೆ. ಎದೆಯ ಆಳಕ್ಕೆ ಇಳಿಯುವುದು ನಿಮಗೆ ಕಾಣದ ಧೂಳು. ಸ್ಪಾಂಜ್ ಐರನ್ ಮಾಡುವುದೆಂದರೆ ತಿರುಗುವ ಉದ್ದನೆಯ ಕುಲುಮೆಯಲ್ಲಿ ಅದಿರು, ಕಲ್ಲಿದ್ದಲು, ಡೋಲಮೈಟ್ ಹಾಕಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವುದು. ಅಲ್ಲಿಂದ ಬೂದಿಯ ಜೊತೆಗೆ ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್‌ಗಳು, ಮತ್ತು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಹೊರಬರುತ್ತವೆ. ಪಿಎಂ 2.5 ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದೇ ಇದು. ತಲೆಗೂದಲಿನ ದಪ್ಪದ ಇಪ್ಪತ್ತೈದು ಮೂವತ್ತರಲ್ಲಿ ಒಂದು ಪಾಲು. ಇದು ಗಾಳಿಚೀಲಗಳನ್ನು ಮುಟ್ಟುತ್ತದೆ, ಅದರಲ್ಲಿಯೂ ಅತಿ ಸಣ್ಣವು ರಕ್ತಕ್ಕೆ ದಾಟುತ್ತವೆ. ಹಾಗಾಗಿಯೇ ಗಾಳಿ ಕೆಟ್ಟರೆ ಉಬ್ಬಸದ ಜೊತೆಗೆ ಹೃದಯಾಘಾತ, ಪಾರ್ಶ್ವವಾಯು ಕೂಡ ಹೆಚ್ಚುತ್ತವೆ. 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದಾದ ಸಾವುಗಳ ಅಂದಾಜು 16.7 ಲಕ್ಷ. ಗಂಧಕದ ಡೈಆಕ್ಸೈಡ್ ಅಸ್ತಮಾ ಇರುವ ಮಗುವಿನ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಯಬಲ್ಲದು. ಅದೇ ಅನಿಲ ಗಾಳಿಯಲ್ಲಿ ಸಾಗುತ್ತ ಸಲ್ಫೇಟ್ ಕಣಗಳಾಗಿ ಬದಲಾಗಿ ಹತ್ತಾರು ಕಿಲೋಮೀಟರ್ ಆಚೆಯ ಊರನ್ನೂ ತಲುಪುತ್ತದೆ. ಕಾರ್ಖಾನೆಯ ಬೇಲಿಗೆ ತಾಗಿದ ಊರು ಮಾತ್ರ ತೊಂದರೆಯಲ್ಲಿದೆ ಎಂದು ತಿಳಿಯಬೇಡಿ. ಹೊಸಪೇಟೆ, ಸಂಡೂರು, ತೋರಣಗಲ್ಲು, ಕೊಪ್ಪಳ ಎಲ್ಲವೂ ಒಂದೇ ಗಾಳಿಯನ್ನು ಹಂಚಿಕೊಂಡಿವೆ.

ದೀಪಾವಳಿಯಿಂದ ಶಿವರಾತ್ರಿಯವರೆಗೆ ಎಂದು ಬರೆದಿದ್ದೀರಿ. ಬಹಳ ಒಳ್ಳೆಯ ಗಮನಿಕೆ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿರುತ್ತದೆ, ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಅಲ್ಲೇ ಕೂರುತ್ತದೆ. ಅದರ ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕೆಲಸ ಮಾಡುತ್ತದೆ, ಹೊಗೆ ಮೇಲೇರಲಾರದು. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ. ಇದರ ಜೊತೆಗೆ ಆ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಪೂರ್ವ, ಈಶಾನ್ಯದಿಂದ. ಕಾರ್ಖಾನೆ ನಿಮ್ಮ ಪೂರ್ವಕ್ಕಿದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಜೋರಾಗಿ ಬರುತ್ತದೆ, ಮಳೆ ಧೂಳನ್ನು ತೊಳೆಯುತ್ತದೆ, ನಿಮ್ಮ ಮಗ ಆಗ ಚೆನ್ನಾಗಿರುತ್ತಾನೆ. ಚಳಿಗಾಲದಲ್ಲಿ ಶೀತದ ವೈರಸ್‌ಗಳೂ ಹೆಚ್ಚು, ಸುಗ್ಗಿಯ ಹೊಟ್ಟು ಧೂಳೂ ಹೆಚ್ಚು, ಆದ್ದರಿಂದ ಎಲ್ಲವನ್ನೂ ಕಾರ್ಖಾನೆಯ ತಲೆಗೇ ಕಟ್ಟಲಾರೆ. ರಾತ್ರಿ ಹೊತ್ತು ಧೂಳು ಹಿಡಿಯುವ ಯಂತ್ರ ನಿಲ್ಲಿಸುತ್ತಾರೆ ಎಂಬ ಅನುಮಾನ ಇಂಥ ಊರುಗಳಲ್ಲೆಲ್ಲ ಕೇಳಿಬರುತ್ತದೆ. ನಿಲ್ಲಿಸದಿದ್ದರೂ ರಾತ್ರಿ ಹೊಗೆ ನೆಲಕ್ಕೆ ಇಳಿಯುತ್ತದೆ, ನಿಲ್ಲಿಸಿದರೆ ಹೇಳುವುದೇ ಬೇಡ. ಯಾವುದು ನಡೆಯುತ್ತಿದೆ ಎಂದು ತೋರಿಸಲು ದಾಖಲೆ ಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದರಿಂದ ಒಂದು ಕೆಲಸ ಇವತ್ತೇ ಬದಲಾಗಬೇಕು. ಬೆಳಗಿನ ಜಾವದ ಗಾಳಿ ಶುದ್ಧ ಎಂಬ ನಂಬಿಕೆ ನಿಮ್ಮ ಊರಿಗೆ, ಆ ನಾಲ್ಕು ತಿಂಗಳಿಗೆ ಅನ್ವಯಿಸುವುದಿಲ್ಲ. ಐದೂವರೆಗೆ ಎದ್ದು ಕಿಟಕಿ ತೆರೆಯುವುದು, ಮಗುವನ್ನು ಅಂಗಳಕ್ಕೆ ಬಿಡುವುದು, ಮಾವನವರು ವಾಕಿಂಗ್ ಹೋಗುವುದು ಬೇಡ. ಹತ್ತು ಗಂಟೆಯ ನಂತರ ತೆರೆಯಿರಿ, ಸಂಜೆ ಹೊಗೆ ಇಳಿಯುವ ಮುನ್ನ ಮುಚ್ಚಿ. ಮಾಳಿಗೆಯ ಬೂದಿಯನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಿದಾಗ ಕುಳಿತಿದ್ದ ಧೂಳು ಮತ್ತೆ ಮಗುವಿನ ಮೂಗಿನ ಎತ್ತರಕ್ಕೆ ಏಳುತ್ತದೆ.

ಮೊಬೈಲಿನಲ್ಲಿ ಕಂಡ ಹಸಿರು ಬಣ್ಣದ ಬಗ್ಗೆ. ಆ ಸಂಖ್ಯೆ ನಿಮ್ಮ ಊರಿನದ್ದೇ ಎಂದು ನಂಬಬೇಡಿ. ಹಲವು ಆ್ಯಪ್‌ಗಳು ದೂರದ ಮಾಪನ ಕೇಂದ್ರದ ಅಂಕಿಯನ್ನೋ, ಉಪಗ್ರಹ ಮತ್ತು ಗಣಿತದ ಅಂದಾಜನ್ನೋ ತೋರಿಸುತ್ತವೆ. ಜೊತೆಗೆ, ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಪಿಎಂ 2.5 ಕಣಗಳನ್ನು ಲೆಕ್ಕ ಹಾಕುವುದು 24 ಗಂಟೆಯ ಸರಾಸರಿಯ ಮೇಲೆ. ಒಂದು ಉದಾಹರಣೆ ನೋಡಿ: ರಾತ್ರಿ ಆರು ಗಂಟೆ ಕಾಲ ಪಿಎಂ 2.5 ಘನ ಮೀಟರಿಗೆ 150 ಮೈಕ್ರೋಗ್ರಾಂ, ಉಳಿದ ಹದಿನೆಂಟು ಗಂಟೆ 25 ಇದೆ ಎಂದುಕೊಳ್ಳಿ. ಸರಾಸರಿ 56 ಆಯಿತು. ದೇಶದ ದೈನಿಕ ಮಿತಿ 60, ಹಾಗಾಗಿ ಆ ದಿನ ‘ತೃಪ್ತಿಕರ’, ಬಣ್ಣ ಹಸಿರು. ನಿಮ್ಮ ಮಗು ಸಿಳ್ಳೆ ಹೊಡೆಯುತ್ತ ಎದ್ದು ಕುಳಿತದ್ದು ಆ ಆರು ಗಂಟೆಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದೇ ದೈನಿಕ ಮಿತಿಯನ್ನು 15ಕ್ಕೆ ಇಳಿಸಿತು ಎಂಬುದನ್ನೂ ಮುಂದಿನ ಸಭೆಯಲ್ಲಿ ಹೇಳಿ.

‘ನಿಮ್ಮ ಒಲೆ, ನಿಮ್ಮ ಬೀಡಿ’ ಎಂಬ ಮಾತು ನನಗೆ ನೋವು ತಂದಿತು. ಅದರಲ್ಲಿ ಅರ್ಧ ಸತ್ಯವಿರುವುದರಿಂದ ನೋವು ಇನ್ನೂ ಹೆಚ್ಚು. ಬೀಡಿಯ ಹೊಗೆ, ಕಟ್ಟಿಗೆಯ ಹೊಗೆ ಎರಡೂ ಪಿಎಂ 2.5 ತುಂಬಿದವು. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲಿಯೂ ಬಚ್ಚಲ ಹಂಡೆಯ ಕೆಳಗೆ ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಕೆಲವೊಮ್ಮೆ ಪ್ಲಾಸ್ಟಿಕ್ ಚೀಲವೂ ಉರಿಯುತ್ತಿರುತ್ತದೆ, ಅದೂ ಹೊಗೆ ಮೇಲೇರದ ಬೆಳಗಿನ ಹೊತ್ತಿನಲ್ಲಿಯೇ. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ನಿಲ್ಲಿಸಿ. ಮಾವನವರು ಮಗುವಿರುವ ಕೋಣೆಯಲ್ಲಿ ಬೀಡಿ ಹಚ್ಚಬಾರದು. ಆದರೆ ಇದನ್ನು ಕಾರ್ಖಾನೆಯವರು ತಮ್ಮ ಪರವಾದ ವಾದವಾಗಿ ಬಳಸುವಂತಿಲ್ಲ. ಬೀಡಿ ಸೇದುವವನ ಎದೆಗೆ ಧೂಳು ಸುರಿಯಲು ಯಾರಿಗೂ ಪರವಾನಗಿ ಇಲ್ಲ. ಒಂದು ಭಾರ ಈಗಾಗಲೇ ಹೊತ್ತವನಿಗೆ ಎರಡನೆಯ ಭಾರ ಹೆಚ್ಚು ಅಪಾಯ, ಕಡಿಮೆ ಅಪಾಯವಲ್ಲ.

ಅಮೆರಿಕದ ಯೂಟಾ ಕಣಿವೆಯ ಒಂದು ಘಟನೆ ನನಗೆ ಯಾವಾಗಲೂ ನೆನಪಾಗುತ್ತದೆ. ಅಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ ಕಾರ್ಮಿಕ ವಿವಾದದಿಂದ 1986ರಿಂದ 87ರವರೆಗೆ ಸುಮಾರು ಹದಿಮೂರು ತಿಂಗಳು ಮುಚ್ಚಿತ್ತು. ಒಲೆಗಳು, ವಾಹನಗಳು, ಜನ ಎಲ್ಲವೂ ಹಾಗೆಯೇ ಇದ್ದವು. ಆರ್ಡನ್ ಪೋಪ್ ಎಂಬ ಸಂಶೋಧಕರು ಆಸ್ಪತ್ರೆಯ ದಾಖಲೆ ತೆಗೆದು ನೋಡಿದಾಗ, ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಬ್ರಾಂಕೈಟಿಸ್, ಅಸ್ತಮಾಕ್ಕೆ ದಾಖಲಾಗುತ್ತಿದ್ದುದು ಕಾರ್ಖಾನೆ ನಡೆಯುವಾಗ ಸುಮಾರು ಎರಡು ಪಟ್ಟು ಎಂದು ಕಂಡಿತು. ಅದು ನಿಂತಾಗ ಇಳಿಯಿತು, ತೆರೆದಾಗ ಏರಿತು.

ಈಗ ಮಗನ ಪಂಪ್. ಅತ್ತೆಯವರಿಗೆ ಈ ಲೆಕ್ಕ ತೋರಿಸಿ. ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧದ ಮಾತ್ರೆ ಒಂದಕ್ಕೆ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ. ಪಂಪ್‌ನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ನಲವತ್ತರಲ್ಲಿ ಒಂದು ಪಾಲು ಔಷಧ, ಅದೂ ಬೇಕಾದ ಜಾಗಕ್ಕೆ ನೇರವಾಗಿ. ನುಂಗಿದ ಮಾತ್ರೆ ಇಡೀ ಮೈ ಸುತ್ತಿ ಕೈ ನಡುಗಿಸಿ, ಎದೆ ಬಡಿತ ಹೆಚ್ಚಿಸಿ ಕೊನೆಗೆ ಶ್ವಾಸನಾಳಕ್ಕೆ ಬರುತ್ತದೆ. ಪಂಪ್‌ಗೆ ಚಟ ಹಿಡಿಸುವ ಗುಣವಿಲ್ಲ. ಕಾಯಿಲೆ ಮರಳುವುದರಿಂದ ಪಂಪ್ ಮರಳಿ ಬೇಕಾಗುತ್ತದೆ, ಅಷ್ಟೇ.

ಆದರೆ ನಿಮ್ಮ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ಕೊಟ್ಟಿರುವುದು ತಕ್ಷಣದ ಪರಿಹಾರದ ಪಂಪ್ ಮಾತ್ರವೇ, ಅಥವಾ ದಿನವೂ ತೆಗೆದುಕೊಳ್ಳುವ ತಡೆಯುವ ಪಂಪ್ ಕೂಡ ಇದೆಯೇ? ಸಾಲ್ಬುಟಮಾಲ್ ಬಿಗಿಯನ್ನು ಸಡಿಲಿಸುತ್ತದೆ, ಒಳಗಿನ ಊತವನ್ನು ಇಳಿಸುವುದಿಲ್ಲ. ಅದನ್ನೊಂದನ್ನೇ ನಂಬಿ ರಾತ್ರಿಗಳನ್ನು ದೂಡುವುದು ಅಪಾಯ. ಊತ ಇಳಿಸುವುದು ಬುಡೆಸೊನೈಡ್‌ನಂಥ ಕಡಿಮೆ ಪ್ರಮಾಣದ ಸ್ಟಿರಾಯ್ಡ್ ಪಂಪ್. ಸ್ಟಿರಾಯ್ಡ್ ಎಂದರೆ ಎಲ್ಲರೂ ಬೆಚ್ಚುತ್ತಾರೆ, ಆದ್ದರಿಂದ ಅದರ ಕೆಡುಕನ್ನೂ ಮುಚ್ಚಿಡದೆ ಹೇಳುತ್ತೇನೆ. ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಪದರ ಬರಬಹುದು, ದನಿ ಒಡೆಯಬಹುದು. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ಇನ್ನೊಂದು ತಕ್ಕಡಿಯಲ್ಲಿ ಏನಿದೆ ನೋಡಿ: ನಿದ್ದೆಗೆಟ್ಟ ರಾತ್ರಿಗಳು, ತಪ್ಪಿದ ಶಾಲೆ, ಉಬ್ಬಸ ಜೋರಾದಾಗಲೆಲ್ಲ ಕುಡಿಸುವ ಸ್ಟಿರಾಯ್ಡ್ ಸಿರಪ್, ಜೀವಕ್ಕೇ ಬರಬಹುದಾದ ಒಂದು ರಾತ್ರಿ. ನನ್ನ ಮಗನಾಗಿದ್ದರೆ ಎರಡನೆಯ ಯೋಚನೆಯಿಲ್ಲದೆ ಪಂಪ್ ಕೊಡುತ್ತಿದ್ದೆ. ಏಳು ವರ್ಷದವರಿಗೆ ಪಂಪ್ ಅನ್ನು ಸ್ಪೇಸರ್ ಎಂಬ ಕೊಳವೆಯ ಮೂಲಕವೇ ಕೊಡಬೇಕು, ಇಲ್ಲದಿದ್ದರೆ ಔಷಧ ಬಹುಪಾಲು ಗಂಟಲಿಗೆ ಬಡಿದು ವ್ಯರ್ಥ. ಮಾತನಾಡುವಾಗ ಒಂದು ವಾಕ್ಯ ಮುಗಿಸಲಾಗದಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಪಂಪ್‌ನ ಫಲ ನಾಲ್ಕು ಗಂಟೆಯೂ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಬೆಲ್ಲದ ಮಾತಿಗೆ ಒಂದು ಮೂಲವಿದೆ. ತೊಂಬತ್ತರ ದಶಕದಲ್ಲಿ ಲಖನೌದಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಬೆಲ್ಲ ತಿಂದ ಇಲಿಗಳ ಶ್ವಾಸಕೋಶದಿಂದ ಧೂಳು ಹೆಚ್ಚು ಬೇಗ ಸರಿಯಿತೆಂದು ಕಂಡಿತ್ತು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಔಷಧವೆಂದು ಹೇಳಲಾಗದು. ಕಾರ್ಮಿಕರಿಗೆ ಬೆಲ್ಲ ಹಂಚಿ ಮುಖಗವಸು ಕೊಡದೆ ಕಳಿಸುವುದನ್ನು ನಾನು ಎಂದೂ ಒಪ್ಪಲಾರೆ. ಅತ್ತೆಯವರು ಪ್ರೀತಿಯಿಂದ ಒಂದು ಚೂರು ಕೊಟ್ಟರೆ ಕೊಡಲಿ, ಪಂಪ್‌ನ ಬದಲಿಗೆ ಬೇಡ.

ಮಾವನವರ ವಿಷಯಕ್ಕೆ ಬರುತ್ತೇನೆ. ಕಬ್ಬಿಣದ ಧೂಳು ಎಕ್ಸ್‌ರೇಯಲ್ಲಿ ಚುಕ್ಕೆಗಳಾಗಿ ಕಾಣುತ್ತದೆ, ಆದರೂ ಶ್ವಾಸಕೋಶವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕಲ್ಲಿನ ಧೂಳು ಹಾಗಲ್ಲ. ಜಲ್ಲಿ ಕ್ರಷರ್‌ನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಎದೆಯಲ್ಲಿ ಕಲೆಗಟ್ಟಿಸುತ್ತದೆ. ಕೆಲಸ ಬಿಟ್ಟು ಹತ್ತು ವರ್ಷವಾದರೂ ಆ ಕಲೆ ಬೆಳೆಯುತ್ತಲೇ ಇರಬಹುದು. ಇದೇ ಸಿಲಿಕೋಸಿಸ್. ಎಕ್ಸ್‌ರೇಯಲ್ಲಿ ಇದೂ ಕ್ಷಯವೂ ಒಂದನ್ನೊಂದು ಹೋಲುತ್ತವೆ, ಎದುರಿಗಿರುವ ವೈದ್ಯರು ‘ಏನು ಕೆಲಸ ಮಾಡುತ್ತಿದ್ದಿರಿ’ ಎಂದು ಕೇಳದಿದ್ದರೆ ತಪ್ಪುವುದು ಸುಲಭ. ತೊಡಕೆಂದರೆ, ಸಿಲಿಕಾ ಸೇರಿದ ಎದೆಗೆ ನಿಜವಾದ ಕ್ಷಯವೂ ಉಳಿದವರಿಗಿಂತ ಹೆಚ್ಚು ಬರುತ್ತದೆ. ಆದ್ದರಿಂದ ಕ್ಷಯವಿಲ್ಲ ಎಂದು ನಾನು ಪತ್ರ ನೋಡಿ ಹೇಳುವುದಿಲ್ಲ. ಮೂರನೆಯ ಸಲ ಮಾತ್ರೆ ಶುರು ಮಾಡುವ ಮುನ್ನ ಕಫವನ್ನು ಕ್ಷಯದ ರೋಗಾಣುವನ್ನೇ ಪತ್ತೆಹಚ್ಚುವ ಸಿಬಿ-ನ್ಯಾಟ್ ಅಥವಾ ಟ್ರೂ-ನ್ಯಾಟ್ ಪರೀಕ್ಷೆಗೆ ಕೊಡಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸುಮ್ಮನೆ ಮಾತ್ರೆ ತೆಗೆದುಕೊಂಡರೆ ಯಕೃತ್ತಿಗೆ ಪೆಟ್ಟು, ಕ್ಷಯವಿದ್ದು ಔಷಧಕ್ಕೆ ಬಗ್ಗದ ಬಗೆಯಾಗಿದ್ದರೆ ಇಡೀ ಮನೆಗೆ ಅಪಾಯ, ಮಗುವಿಗಂತೂ ಇನ್ನೂ ಹೆಚ್ಚು. ಜೊತೆಗೆ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ, ಬೇಕಾದರೆ ಎದೆಯ ಸಿ.ಟಿ. ಸ್ಕ್ಯಾನ್. ಎಲ್ಲೆಲ್ಲಿ, ಎಷ್ಟು ವರ್ಷ, ಯಾವ ಕೆಲಸ ಎಂದು ಒಂದು ಹಾಳೆಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವೃತ್ತಿರೋಗ, ಪತ್ತೆಯಾದರೆ ವೈದ್ಯರು ವರದಿ ಮಾಡಬೇಕು, ಪರಿಹಾರ ಕೇಳುವುದಕ್ಕೂ ಆ ಹಾಳೆಯೇ ಆಧಾರ. ಸಿಲಿಕೋಸಿಸ್ ಗುಣವಾಗುವುದಿಲ್ಲ, ಇದನ್ನು ಹೇಳದೆ ವಿಧಿಯಿಲ್ಲ. ಆದರೆ ಬೀಡಿ ಬಿಟ್ಟರೆ, ಪಂಪ್ ತೆಗೆದುಕೊಂಡರೆ, ಲಸಿಕೆ ಹಾಕಿಸಿಕೊಂಡರೆ ಉಳಿದ ಉಸಿರನ್ನು ಬಹುಕಾಲ ಕಾಪಾಡಬಹುದು.

ಮುಖಕ್ಕೆ ಕಟ್ಟುವ ಟವೆಲ್ ಸಣ್ಣ ಕಣವನ್ನು ತಡೆಯುವುದಿಲ್ಲ. ಎನ್-95 ಮುಖಗವಸು ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ. ಮಾವನವರಿಗೆ ಅದನ್ನು ಹಾಕಿ ನಡೆದಾಗ ಏದುಸಿರು ಹೆಚ್ಚಾದರೆ ಬಲವಂತ ಬೇಡ. ಏರ್ ಪ್ಯೂರಿಫೈಯರ್ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುತ್ತದೆ, ಸಂದುಗಳಿರುವ ಮನೆಯಲ್ಲಿ, ಕರೆಂಟ್ ಹೋಗುವ ಊರಿನಲ್ಲಿ ಆ ಹಣವನ್ನು ಮಗನ ಔಷಧಕ್ಕೆ ಇಡಿ ಎನ್ನುತ್ತೇನೆ.

ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಊದಿದ ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಉಪಕರಣ ಸಿಗುತ್ತದೆ. ಮಗ ಬೆಳಿಗ್ಗೆ, ಸಂಜೆ ಅದರಲ್ಲಿ ಊದಲಿ, ಅಂಕಿಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಕ್ಕದಲ್ಲಿ ರಾತ್ರಿ ಕೆಮ್ಮಿದನೇ, ಪಂಪ್ ಎಷ್ಟು ಸಲ ಬೇಕಾಯಿತು, ಗಾಳಿ ಯಾವ ಕಡೆಯಿಂದ ಇತ್ತು, ಹೊಗೆ ಎಷ್ಟು ಹೊತ್ತಿಗೆ ಇಳಿಯಿತು ಎಂದು ನಾಲ್ಕು ಪದ. ಅವನ ಒಳ್ಳೆಯ ದಿನದ ಅಂಕಿಗಿಂತ ಐದರಲ್ಲಿ ಒಂದು ಪಾಲು ಇಳಿದರೆ ಅದು ವೈದ್ಯರಿಗೆ ಎಚ್ಚರಿಕೆ. ಇಪ್ಪತ್ತು ಮನೆಗಳಲ್ಲಿ ಇಂಥ ನೋಟ್‌ಬುಕ್ ಇದ್ದರೆ ಅದು ಊರಿನ ಸಾಕ್ಷಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ‘ತುಂಬಾ ಹೊಗೆ’ ಎಂದು ಬರೆದ ಅರ್ಜಿಗೂ, ‘ಇಂಥ ದಿನ ರಾತ್ರಿ ಒಂದರಿಂದ ನಾಲ್ಕರವರೆಗೆ, ಹದಿಮೂರು ಮಕ್ಕಳ ಉಸಿರು ಇಳಿದಿದೆ’ ಎಂದು ದಿನಾಂಕ ಸಹಿತ ಬರೆದ ಅರ್ಜಿಗೂ ಬರುವ ಉತ್ತರವೇ ಬೇರೆ. ಕಬ್ಬಿಣ ಮತ್ತು ಉಕ್ಕಿನಂಥ ಹೆಚ್ಚು ಮಾಲಿನ್ಯದ ಕೈಗಾರಿಕೆಗಳು ಚಿಮಣಿಯಲ್ಲಿ ನಿರಂತರ ಮಾಪಕ ಇಡಬೇಕೆಂದು 2014ರಲ್ಲಿಯೇ ಕೇಂದ್ರ ಮಂಡಳಿ ಸೂಚಿಸಿದೆ. ಆ ರಾತ್ರಿಗಳ ಅಂಕಿಗಳನ್ನೂ, ಕಾರ್ಖಾನೆ ನಡೆಸಲು ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಲ್ಲಿಯೂ ಆಗದಿದ್ದರೆ ಚೆನ್ನೈನಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಇದರಲ್ಲಿ ಅಪಾಯವಿಲ್ಲ ಎನ್ನಲಾರೆ. ಊರಿನ ಅರ್ಧ ಮನೆಗಳ ಅನ್ನ ಅದೇ ಕಾರ್ಖಾನೆಯಿಂದ ಬರುತ್ತಿರುತ್ತದೆ, ಒಂಟಿಯಾಗಿ ಹೆಸರು ಹಾಕಿದವರಿಗೆ ಕಿರುಕುಳವಾಗಬಹುದು. ಪಂಚಾಯಿತಿಯ ನಿರ್ಣಯದ ಮೂಲಕ, ಹಲವರ ಸಹಿಯೊಂದಿಗೆ ಹೋಗಿ. 2025ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಉಕ್ಕಿನ ಕಾರ್ಖಾನೆಯನ್ನು ವಿರೋಧಿಸಿ ಗವಿಮಠದ ಶ್ರೀಗಳೊಂದಿಗೆ ಸಾವಿರಾರು ಜನ ಬೀದಿಗೆ ಬಂದರಲ್ಲ, ಆ ದಿನ ಯಾರೂ ಒಂಟಿಯಾಗಿರಲಿಲ್ಲ.

ಹುಬ್ಬಳ್ಳಿಯ ಮಾತು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಮಿತಿ ಮೀರಿದ ಊರುಗಳೆಂದು ಕರ್ನಾಟಕದಿಂದ ನಾಲ್ಕನ್ನು ಸೇರಿಸಿದ್ದಾರೆ: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತು ಹುಬ್ಬಳ್ಳಿ–ಧಾರವಾಡ. ಕೊಪ್ಪಳ, ಬಳ್ಳಾರಿ ಅದರಲ್ಲಿಲ್ಲ. ಹಾಗೆಂದು ನಿಮ್ಮ ಗಾಳಿ ಚೆನ್ನಾಗಿದೆ ಎಂದಲ್ಲ. ಭೂಮಿ ಮಾರಿ, ಹುಬ್ಬಳ್ಳಿಯ ಲಾರಿ ರಸ್ತೆಯ ಪಕ್ಕ ಒಂದು ಕೋಣೆಯ ಬಾಡಿಗೆ ಮನೆ ಹಿಡಿದರೆ ಮಗನಿಗೆ ಸಿಗುವ ಗಾಳಿ ಎಂಥದ್ದು ಎಂದು ಯೋಚಿಸಿ. ಒಳ್ಳೆಯ ಗಾಳಿಗೆ ಹೋದರೆ ಲಾಭವಿದೆ ಎಂಬುದು ಮಾತ್ರ ಖಚಿತ: ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಕಡಿಮೆ ಧೂಳಿನ ಊರಿಗೆ ಹೋದವರ ಶ್ವಾಸಕೋಶದ ಬೆಳವಣಿಗೆ ಚುರುಕಾಯಿತು, ಇದ್ದ ಊರಿನ ಗಾಳಿಯೇ ಸುಧಾರಿಸಿದಾಗ ಅಲ್ಲೇ ಬೆಳೆದ ಮಕ್ಕಳಿಗೂ ಅದೇ ಲಾಭ ಸಿಕ್ಕಿತು. ಶ್ವಾಸಕೋಶ ಹದಿನೆಂಟು ಇಪ್ಪತ್ತರವರೆಗೆ ಬೆಳೆಯುತ್ತದೆ. ನಿಮ್ಮ ಮಗನಿಗೆ ಸಮಯವಿದೆ.

ನನ್ನ ಸಲಹೆ ಹೀಗಿದೆ. ಭೂಮಿಯನ್ನು ಈಗ ಮಾರಬೇಡಿ. ದಸರೆಯ ಹೊತ್ತಿಗೆ, ಅಂದರೆ ಹೊಗೆ ಇಳಿಯುವ ಕಾಲಕ್ಕೆ ಮುಂಚೆ, ತಡೆಯುವ ಪಂಪ್ ಶುರುವಾಗಿರಲಿ. ಔಷಧ ತಪ್ಪದೆ ಕೊಟ್ಟೂ ಡಿಸೆಂಬರಿನಲ್ಲಿ ಅವನು ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ಎದ್ದು ಕುಳಿತರೆ, ಕಾರ್ಖಾನೆಗಳಿಂದ ದೂರದ ಊರಿನಲ್ಲಿ ತವರೋ ನೆಂಟರ ಮನೆಯೋ ಇದ್ದರೆ ಎರಡು ತಿಂಗಳು ಅಲ್ಲಿರಲಿ. ಶಾಲೆ ತಪ್ಪುತ್ತದೆ, ಮೇಷ್ಟರ ಜೊತೆ ಮಾತನಾಡಿ, ಅಲ್ಲಿಯೂ ನೋಟ್‌ಬುಕ್ ಬರೆಯಿರಿ. ಮಾವನವರ ಕಫ ಪರೀಕ್ಷೆ ಮಾತ್ರ ಈ ವಾರವೇ ಆಗಲಿ. ಶಿವರಾತ್ರಿ ಕಳೆದ ಮೇಲೆ ಆ ನೋಟ್‌ಬುಕ್ ಹಿಡಿದು ಯಜಮಾನರ ಜೊತೆ ನಿಮ್ಮ ವೈದ್ಯರ ಮುಂದೆ ಕುಳಿತುಕೊಳ್ಳಿ. ನಾಲ್ಕು ಎಕರೆಯ ಮಾತನ್ನು ಆಗ, ಆ ಪುಟಗಳನ್ನು ನೋಡಿ ಆಡಿ.